ಗಾಡಿ ಕೆಳಗೆ ಮಲಗಿದರೆ ಡಿಗ್ರಿ ಸಣ್ಣದಾಗುವುದಿಲ್ಲ

ಕಳೆದ ವರ್ಷ ಮಳೆಗಾಲ ಆಗಷ್ಟೇ ಮುಗಿದಿತ್ತು. ಒಂದು ಗುರುವಾರ ಬೆಳಿಗ್ಗೆ ನಾನು ಮನೆಯ ಅಂಗಳದಲ್ಲಿ ಅಪ್ಪನ ಓಮ್ನಿಯ ಕೆಳಗೆ ಅಂಗಾತ ಮಲಗಿದ್ದೆ. ಕೈ ತುಂಬ ಗ್ರೀಸು. ಗಾಡಿಯ ತಳದಿಂದ ಉದುರುವ ಒಣಮಣ್ಣು ಕಣ್ಣಿಗೆ. ಆಗ ಅಂಗಳದ ತುದಿಯಲ್ಲಿ ಒಂದು ಜೊತೆ ಚಪ್ಪಲಿ ಬಂದು ನಿಂತಿತು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅಷ್ಟೇ. ಆದರೆ ಧ್ವನಿಯಿಂದ ಗುರುತು ಸಿಕ್ಕಿತು, ಪಕ್ಕದ ಮನೆಯ ಮಾವ.

‘ಎಂಥ ಮಾರಾಯ, ಮಗನಿಗೆ ಇಂಜಿನಿಯರಿಂಗ್ ಓದಿಸಿ ಕಡೆಗೆ ಗಾಡಿ ಕೆಳಗೆ ಮಲಗಿಸಿದ್ಯಲ್ಲ!’

ಅಪ್ಪ ನಕ್ಕು ಸುಮ್ಮನಾದರು. ನಾನು ಸ್ಪ್ಯಾನರ್ ತಿರುಗಿಸುವುದನ್ನು ನಿಲ್ಲಿಸಿ, ಆ ಚಪ್ಪಲಿ ಹೊರಟುಹೋಗುವವರೆಗೆ ಉಸಿರು ಬಿಗಿಹಿಡಿದು ಮಲಗಿದ್ದೆ. ಯಾಕೆ ಹಾಗೆ ಮಾಡಿದೆ? ಕಳ್ಳತನ ಮಾಡುತ್ತಿದ್ದೆನೇ? ಈ ಪ್ರಶ್ನೆ ಆವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ನನ್ನ ಹಾಗೆಯೇ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರ ಮುಂದೆ ಅದನ್ನು ಇಡೋಣ ಎಂದು ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಅಪ್ಪ ರೈತರ ತೋಟದಿಂದ ಬಾಳೆಗೊನೆ, ತೆಂಗಿನಕಾಯಿ, ತರಕಾರಿ ಕೊಂಡು ಸಂತೆಯಿಂದ ಸಂತೆಗೆ ಮಾರುತ್ತಾರೆ. ಅದಕ್ಕೆಲ್ಲ ಇರುವುದು ಒಂದು ಹಳೆಯ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದು 2019ರವರೆಗೆ ತಯಾರಾದ ಆ ಗಾಡಿಯನ್ನು ಮಲೆನಾಡಿನಲ್ಲಿ ಗೊತ್ತಿಲ್ಲದವರಿಲ್ಲ. ಮದುವೆ ದಿಬ್ಬಣಕ್ಕೂ ಅದೇ, ಆಸ್ಪತ್ರೆಗೂ ಅದೇ, ಗೊಬ್ಬರಕ್ಕೂ ಅದೇ.

ಆ ಬುಧವಾರ ಅಪ್ಪ ಬಾಳೆಗೊನೆ ತುಂಬಿಕೊಂಡು ಬರುವಾಗ ಏರಿನಲ್ಲಿ ಗಾಡಿ ಕೈಕೊಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ಜೊತೆಗೆ ಸುಟ್ಟ ವಾಸನೆ. ಹೇಗೋ ಮನೆ ಮುಟ್ಟಿಸಿದರು. ನಾನು ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕನೇ ಗೇರ್‌ಗೆ ಹಾಕಿ, ನಿಧಾನ ಕ್ಲಚ್ ಬಿಟ್ಟು ನೋಡಿದೆ. ಸರಿಯಿರುವ ಗಾಡಿಯಾದರೆ ಇಂಜಿನ್ ಗಕ್ಕನೆ ನಿಂತುಹೋಗಬೇಕು. ಇದು ಏನೂ ಆಗದ ಹಾಗೆ ಓಡುತ್ತಲೇ ಇತ್ತು. ಕ್ಲಚ್ ಪ್ಲೇಟ್ ಸವೆದುಹೋಗಿದೆ ಎಂದು ಗೊತ್ತಾಯಿತು.

ಕ್ಲಚ್ ಪ್ಲೇಟ್ ಎಂದರೆ ಊಟದ ತಟ್ಟೆಗಿಂತ ಚಿಕ್ಕದು. ಇಂಜಿನ್ನಿನ ಫ್ಲೈವೀಲ್‌ಗೂ ಪ್ರೆಶರ್ ಪ್ಲೇಟ್‌ಗೂ ನಡುವೆ ಅಮುಕಿಕೊಂಡಿರುತ್ತದೆ. ನಾವು ಪೆಡಲ್ ತುಳಿದಾಗ ಕೇಬಲ್ ಎಳೆದು, ಬೇರಿಂಗ್ ಹೋಗಿ ಸ್ಪ್ರಿಂಗನ್ನು ಒತ್ತಿ, ಆ ಹಿಡಿತ ಸಡಿಲವಾಗುತ್ತದೆ. ಪೆಡಲ್ ಬಿಟ್ಟಾಗ ಮತ್ತೆ ಬಿಗಿಯಾಗಿ, ಇಂಜಿನ್ನಿನ ತಿರುಗು ಗೇರ್‌ಬಾಕ್ಸಿಗೆ ಹೋಗುತ್ತದೆ. ಪ್ಲೇಟಿನ ಮೇಲಿನ ಲೈನಿಂಗ್ ಸವೆದರೆ ಹಿಡಿತ ಸಾಲದೆ ಜಾರುತ್ತದೆ. ಬದಲಾಯಿಸಬೇಕಾದದ್ದು ಇಷ್ಟು ಚಿಕ್ಕ ವಸ್ತು. ಆದರೆ ಅದನ್ನು ಮುಟ್ಟಬೇಕಾದರೆ ಇಡೀ ಗೇರ್‌ಬಾಕ್ಸ್ ಕೆಳಗಿಳಿಸಲೇಬೇಕು, ಬೇರೆ ದಾರಿಯಿಲ್ಲ.

ನಮ್ಮೂರ ಪೇಟೆಯ ಗ್ಯಾರೇಜಿನ ಅಣ್ಣನಿಗೆ ಫೋನ್ ಮಾಡಿದೆ. ‘ಸೋಮವಾರದ ತನಕ ಪುರುಸೊತ್ತಿಲ್ಲ ಕಣೋ’ ಎಂದರು. ಸಂತೆ ಇದ್ದದ್ದು ಭಾನುವಾರ. ಬಾಳೆಗೊನೆ ಸೋಮವಾರದವರೆಗೆ ಕಾಯುವುದಿಲ್ಲ. ಬಾಡಿಗೆ ಗಾಡಿ ಮಾಡಿದರೆ ಲಾಭವೆಲ್ಲ ಅದಕ್ಕೇ. ಅಪ್ಪ ಜಗಲಿಯ ಮೇಲೆ ಕುಳಿತು ಬೆರಳಲ್ಲಿ ಲೆಕ್ಕ ಹಾಕುತ್ತಿದ್ದರು. ನಾನು ಏನೋ ಧೈರ್ಯದಲ್ಲಿ, ‘ನಾನೇ ಇಳಿಸ್ತೇನೆ ಅಪ್ಪ’ ಎಂದುಬಿಟ್ಟೆ.

ಹೇಳಿದ ಮೇಲೆ ಭಯವಾಯಿತು. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವೀಧರ. ಗೇರುಗಳ ಅನುಪಾತದ ಲೆಕ್ಕದಲ್ಲಿ ಒಳ್ಳೆಯ ಅಂಕ ತೆಗೆದವನು. ಮೊದಲ ಗೇರಿನಲ್ಲಿ ಹಿಂದಿನ ಶಾಫ್ಟ್ ಒಂದು ಸುತ್ತು ಬರಲು ಇಂಜಿನ್ ಮೂರು ಸುತ್ತಿಗಿಂತ ಹೆಚ್ಚು ತಿರುಗಬೇಕು, ಅದಕ್ಕೇ ಏರಿನಲ್ಲಿ ಎಳೆಯುವ ಬಲ ಸಿಗುತ್ತದೆ ಎಂಬುದನ್ನೆಲ್ಲ ನಿದ್ದೆಯಲ್ಲೂ ಹೇಳಬಲ್ಲೆ. ಆದರೆ ನಾಲ್ಕು ವರ್ಷದಲ್ಲಿ ಓಡುವ ಗಾಡಿಯ ಒಂದು ಗೇರ್‌ಬಾಕ್ಸನ್ನೂ ಕೈಯಲ್ಲಿ ಮುಟ್ಟಿರಲಿಲ್ಲ. ಲ್ಯಾಬಿನಲ್ಲಿ ಒಂದಿತ್ತು. ಒಳಗೆ ಕಾಣುವ ಹಾಗೆ ಕತ್ತರಿಸಿ, ಕೆಂಪು ಹಳದಿ ಬಣ್ಣ ಬಳಿದು, ಮೇಜಿನ ಮೇಲೆ ಕೂರಿಸಿದ್ದರು. ಅದರ ಚಿತ್ರವನ್ನು ನಾವು ರೆಕಾರ್ಡ್ ಬುಕ್ಕಿಗೆ ಇಳಿಸಿದ್ದು ಅದನ್ನು ನೋಡಿಯಲ್ಲ, ಸೀನಿಯರ್ ಒಬ್ಬರ ರೆಕಾರ್ಡ್ ನೋಡಿ. ಅವರು ಅವರ ಸೀನಿಯರ್‌ದು ನೋಡಿದ್ದರು.

ಗ್ಯಾರೇಜಿನ ಅಣ್ಣ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಸಂಜೆ ಬಾ, ಸ್ಟ್ಯಾಂಡ್ ತಗೊಂಡು ಹೋಗು ಎಂದರು. ಹೋದರೆ ಕಬ್ಬಿಣದ ಎರಡು ಜ್ಯಾಕ್ ಸ್ಟ್ಯಾಂಡ್ ಕೈಗಿಟ್ಟು, ‘ಇದಿಲ್ಲದೆ ಗಾಡಿ ಕೆಳಗೆ ತಲೆ ಹಾಕಿದ್ದು ಗೊತ್ತಾದ್ರೆ ಮತ್ತೆ ನನ್ನ ಗ್ಯಾರೇಜಿಗೆ ಕಾಲಿಡಬೇಡ’ ಎಂದು ಗದರಿದರು. ಆ ಮಾತನ್ನು ಇಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕು. ಜ್ಯಾಕ್ ಇರುವುದು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಅದು ಜಾರಬಹುದು, ಕುಸಿಯಬಹುದು. ನಮ್ಮ ಕಡೆ ಸುಲಭವಾಗಿ ಸಿಗುವ ಜಂಬಿಟ್ಟಿಗೆ, ಸಿಮೆಂಟ್ ಬ್ಲಾಕ್ ಇಟ್ಟರಾಯಿತು ಎನ್ನುವವರಿದ್ದಾರೆ. ನಮ್ಮಪ್ಪನೇ ಅಂದರು. ಭಾರ ಒಂದೇ ಜಾಗಕ್ಕೆ ಬಿದ್ದರೆ ಅವು ಮುನ್ಸೂಚನೆ ಕೊಡದೆ ಒಡೆದು ಪುಡಿಯಾಗುತ್ತವೆ. ಕೆಳಗಿದ್ದವನಿಗೆ ಎರಡನೇ ಅವಕಾಶವಿಲ್ಲ.

ಗುರುವಾರ ಬೆಳಿಗ್ಗೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳದ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಅಡ್ಡೆ ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಕೆಳಗೆ ಹೋಗುವ ಮೊದಲು ಜೋರಾಗಿ ಅಲುಗಾಡಿಸಿ ನೋಡಿದೆವು. ಮರದ ಅಡ್ಡೆ ಯಾಕೆ ಮುಖ್ಯ ಎಂದರೆ, ಓಮ್ನಿಯ ಇಂಜಿನ್ ಮುಂದಿನ ಸೀಟಿನ ಅಡಿಯಲ್ಲಿದ್ದರೂ ತಿರುಗುವುದು ಹಿಂದಿನ ಚಕ್ರ. ನಡುವೆ ಪ್ರೊಪೆಲ್ಲರ್ ಶಾಫ್ಟ್ ಇದೆ. ಅದನ್ನು ಕಳಚಿದ ಮೇಲೆ, ಗೇರ್‌ಗೆ ಹಾಕಿ ನಿಲ್ಲಿಸಿದ್ದೇನೆ ಎಂಬ ಭರವಸೆಗೆ ಅರ್ಥವೇ ಉಳಿಯುವುದಿಲ್ಲ.

ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದೆ. ಸ್ಟಾರ್ಟರ್‌ಗೆ ಬರುವ ದಪ್ಪ ತಂತಿಯಲ್ಲಿ ಕೀ ತೆಗೆದರೂ ಕರೆಂಟ್ ಇರುತ್ತದೆ. ಸ್ಪ್ಯಾನರ್ ಅದಕ್ಕೂ ಬಾಡಿಗೂ ತಾಗಿದರೆ ಕಿಡಿ ಹಾರುತ್ತದೆ. ಗೇರ್ ಆಯಿಲ್ ಇಳಿಸುವ ಮೊದಲು ತುಂಬಿಸುವ ಕಡೆಯ ಬಿರಡೆ ಬಿಚ್ಚಲು ಬರುತ್ತದೆಯೇ ನೋಡು ಎಂದು ಅಣ್ಣ ಹೇಳಿದ್ದರು. ಮೊದಲು ಅದರ ಮಹತ್ವ ಗೊತ್ತಾಗಲಿಲ್ಲ. ಕೆಳಗಿನ ಬಿರಡೆ ತೆಗೆದು ಆಯಿಲ್ ಪೂರ್ತಿ ಇಳಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚದಿದ್ದರೆ ಗಾಡಿ ಅಲ್ಲೇ ಬಾಕಿ. ಇದು ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ.

ಪ್ರೊಪೆಲ್ಲರ್ ಶಾಫ್ಟ್ ತೆಗೆಯುವಾಗ ಜೋಡಣೆಯ ಎರಡೂ ಕಡೆ ಪೇಂಟಿನಿಂದ ಗೆರೆ ಎಳೆದುಕೊಂಡೆವು, ಮತ್ತೆ ಅದೇ ಸ್ಥಾನದಲ್ಲಿ ಕೂರಿಸುವುದಕ್ಕೆ. ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಲೈಟಿನ ತಂತಿ, ಕ್ಲಚ್ ಕೇಬಲ್, ಗೇರ್ ಲಿವರ್‌ನ ಜೋಡಣೆ, ಸ್ಟಾರ್ಟರ್ ಮೋಟಾರ್ ಒಂದೊಂದಾಗಿ ಬಿಡಿಸಿದೆವು. ಬಿ.ಕಾಂ. ಓದುತ್ತಿರುವ ತಂಗಿ ಒಂದು ದೊಡ್ಡ ರಟ್ಟಿನ ಮೇಲೆ ಗೇರ್‌ಬಾಕ್ಸಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅದೇ ಜಾಗಕ್ಕೆ ಚುಚ್ಚಿಟ್ಟಳು. ನೋಡಲು ಒಂದೇ ಥರ ಕಂಡರೂ ಬೋಲ್ಟುಗಳ ಉದ್ದ ಬೇರೆ ಬೇರೆ. ಮೆಕ್ಯಾನಿಕಲ್ ಓದಿದವನಿಗೆ ಹೊಳೆಯದ ಈ ಉಪಾಯ ಲೆಕ್ಕಶಾಸ್ತ್ರ ಓದುವವಳಿಗೆ ಹೊಳೆಯಿತು. ‘ಲೆಡ್ಜರ್ ಇದ್ದ ಹಾಗೆ ಅಣ್ಣ, ಬಂದದ್ದೆಲ್ಲ ಬರೆದಿಟ್ಟರೆ ಕಡೆಗೆ ತಾಳೆಯಾಗುತ್ತೆ’ ಎಂದಳು.

ಗೇರ್‌ಬಾಕ್ಸ್ ಹೊತ್ತಿರುವ ಅಡ್ಡಪಟ್ಟಿ ಬಿಚ್ಚಿದರೆ ಇಂಜಿನ್ ಕೂಡ ಹಿಂದಕ್ಕೆ ವಾಲುತ್ತದೆ. ಅದಕ್ಕೆ ಮೊದಲೇ ಇಂಜಿನ್ ಅಡಿಗೆ ಮರದ ಹಲಗೆ ಇಟ್ಟು ಜ್ಯಾಕ್ ಕೊಟ್ಟೆವು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಇರುವ ಬೋಲ್ಟುಗಳಲ್ಲಿ ಮೇಲಿನವು ಸೀಟ್ ಎತ್ತಿದರೆ ಕೈಗೆ ಸಿಗುತ್ತವೆ. ಮಧ್ಯಾಹ್ನ ಮೂರರ ಹೊತ್ತಿಗೆ ಕೊನೆಯ ಬೋಲ್ಟ್ ಬಂತು. ಅಪ್ಪ ಒಂದು ಕಡೆ, ನಾನು ಒಂದು ಕಡೆ ಹಿಡಿದು, ಹಿಂದಕ್ಕೆ ನೇರವಾಗಿ ಜಗ್ಗಿ ಗೇರ್‌ಬಾಕ್ಸನ್ನು ಹಳೆಯ ಗೋಣಿಚೀಲದ ಮೇಲೆ ಇಳಿಸಿದೆವು. ಒಂದು 25 ಕೆ.ಜಿ. ಅಕ್ಕಿ ಚೀಲದಷ್ಟು ಭಾರ ಅನ್ನಿಸಿತು. ಹಳೆಯ ಕ್ಲಚ್ ಪ್ಲೇಟ್ ಕೈಗೆ ಬಂದಾಗ ಲೈನಿಂಗ್ ಸವೆದು ರಿವೆಟ್ಟಿನ ತಲೆ ಮಟ್ಟಕ್ಕೆ ಬಂದಿತ್ತು. ಅಲ್ಲಿದ್ದ ಕಪ್ಪು ಧೂಳನ್ನು ಬಾಯಿಂದ ಊದಲು ಹೋದವನನ್ನು ತಂಗಿ ತಡೆದಳು. ಹಳೆಯ ಕ್ಲಚ್ ಲೈನಿಂಗುಗಳಲ್ಲಿ ಕಲ್ನಾರು ಬಳಸುತ್ತಿದ್ದರು, ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಮೂಗಿಗೆ ಬಟ್ಟೆ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಪೇಟೆಗೆ ಹೋಗಿ ಹೊಸ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್, ಗೇರ್ ಆಯಿಲ್ ತಂದೆ. ನನ್ನ ಕೈಯಲ್ಲಿದ್ದದ್ದು ಯುವನಿಧಿ ಹಣ. ಆ ಯೋಜನೆಗೆ 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಚಾಲನೆ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಅಲ್ಲಿಯವರೆಗೆ ಆ ಹಣದಲ್ಲಿ ಅರ್ಜಿ ಶುಲ್ಕ ಕಟ್ಟಿದ್ದೆ, ಬಸ್ಸಿಗೆ ಕೊಟ್ಟಿದ್ದೆ. ಮನೆಗೆಂದು ಖರ್ಚು ಮಾಡಿದ್ದು ಆವತ್ತೇ ಮೊದಲು.

ರಾತ್ರಿ ಊಟಕ್ಕೆ ಕುಳಿತಾಗ ನಾನು ದೊಡ್ಡ ಜಟ್ಟಿಯ ಹಾಗೆ ಮಾತಾಡುತ್ತಿದ್ದೆ. ಅಮ್ಮ ಮಾತ್ರ, ‘ಬಿಚ್ಚಿದ್ದು ಸರಿ, ನಾಳೆ ಕೂರ್ಸು ನೋಡುವಾ’ ಎಂದರು.

ಅಮ್ಮನ ಮಾತೇ ನಿಜವಾಯಿತು. ಶುಕ್ರವಾರ ಗೇರ್‌ಬಾಕ್ಸ್ ಕೂರಲೇ ಇಲ್ಲ. ಅದರ ಮುಂದಿನ ಹಲ್ಲುಹಲ್ಲಾದ ಶಾಫ್ಟ್ ಕ್ಲಚ್ ಪ್ಲೇಟಿನ ನಡುವಿನ ರಂಧ್ರದೊಳಗೆ ಹೋಗಿ, ಫ್ಲೈವೀಲ್ ಮಧ್ಯದ ಬೇರಿಂಗಿಗೆ ತಾಗಬೇಕು. ಎರಡು ಬೆರಳಷ್ಟು ಅಂತರ ಉಳಿಯುತ್ತಿತ್ತು, ಅದಕ್ಕಿಂತ ಮುಂದಕ್ಕೆ ಬರುತ್ತಿರಲಿಲ್ಲ. ಎತ್ತಿದೆವು, ಇಳಿಸಿದೆವು, ಮತ್ತೆ ಎತ್ತಿದೆವು. ಮೂರು ತಾಸು ಕಳೆಯಿತು. ಅಪ್ಪನ ಸೊಂಟ ಹಿಡಿದುಕೊಂಡಿತು. ಅಂಗಳದ ಮೂಲೆಯಲ್ಲಿ ಬಾಳೆಗೊನೆಗಳು ಹಳದಿಯಾಗುತ್ತಿದ್ದವು. ಕಡೆಗೆ ಸಿಟ್ಟು ಬಂದು, ಉದ್ದದ ಎರಡು ಬೋಲ್ಟ್ ಹಾಕಿ ಬಿಗಿದು ಎಳೆದುಕೊಂಡುಬಿಡೋಣ ಎಂದು ಹೊರಟೆ. ಏನೋ ಅನುಮಾನ ಬಂದು ಮೊದಲು ಅಣ್ಣನಿಗೆ ಫೋನ್ ಮಾಡಿದೆ.

‘ಬೋಲ್ಟ್ ಹಾಕಿ ಎಳಿಬೇಡ!’ ಎಂದು ಅವರು ಕಿರುಚಿದ್ದು ಅಪ್ಪನಿಗೂ ಕೇಳಿಸಿತು. ‘ಅಲ್ಯೂಮಿನಿಯಂ ಅದು, ಕಿವಿ ಮುರಿಯುತ್ತೆ. ಗೇರ್‌ಬಾಕ್ಸ್ ಕೈಯಲ್ಲೇ ಬಂದು ಕೂರಬೇಕು. ಬಂದಮೇಲೆ ಬೋಲ್ಟ್. ಭಾರ ಆ ಶಾಫ್ಟಿನ ಮೇಲೆ ನೇತಾಡೋಕೆ ಬಿಡಬೇಡ, ಹೊಸ ಪ್ಲೇಟ್ ಹಾಳಾಗುತ್ತೆ. ನಾನು ಬರ್ತೀನಿ.’

ಗ್ಯಾರೇಜು ಮುಚ್ಚಿ ರಾತ್ರಿ ಎಂಟಕ್ಕೆ ಬಂದರು. ಟಾರ್ಚ್ ಬಿಟ್ಟು ನೋಡಿ, ‘ಪ್ಲೇಟ್ ಕಣ್ಣಂದಾಜಲ್ಲಿ ಕೂರಿಸಿದ್ಯಾ?’ ಎಂದರು. ಹೌದು ಎಂದೆ. ಗೇರ್‌ಬಾಕ್ಸ್ ಕೆಳಗಿಳಿಸಿ, ಪ್ರೆಶರ್ ಪ್ಲೇಟಿನ ಬೋಲ್ಟ್ ಸಡಿಲ ಮಾಡಿದರು. ಒಂದು ಮರದ ಕೋಲನ್ನು ಚೂರಿಯಿಂದ ಕೆತ್ತಿ, ಇನ್ಸುಲೇಷನ್ ಟೇಪ್ ಸುತ್ತಿ ದಪ್ಪ ಸರಿಮಾಡಿ, ಪ್ಲೇಟಿನ ನಡುವಿನಿಂದ ತೂರಿಸಿ ಹಿಂದಿನ ಬೇರಿಂಗಿಗೆ ನೇರ ಮಾಡಿದರು. ಆಮೇಲೆ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಗೇರ್‌ಬಾಕ್ಸನ್ನು ಎತ್ತಿ ಹಿಡಿಯಲು ಹೇಳಿ, ಒಂದು ಗೇರಿಗೆ ಹಾಕಿ, ಹಿಂದಿನ ತುದಿಯನ್ನು ಕೈಯಿಂದ ನಿಧಾನ ತಿರುಗಿಸಿದರು. ಹಲ್ಲಿಗೆ ಹಲ್ಲು ಸಿಕ್ಕಿತು. ಟಕ್ ಎಂದು ಗೇರ್‌ಬಾಕ್ಸ್ ಇಂಜಿನ್ನಿಗೆ ಬಂದು ಕೂತಿತು. ನಾವು ಮೂರು ತಾಸು ಹೆಣಗಿದ್ದು ಅವರಿಗೆ ಅರ್ಧ ತಾಸಿನ ಕೆಲಸ.

ಅವರು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸ್ಪ್ಲೈನ್ ಎಂಬ ಪದ ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆದರೆ ಆ ಹಲ್ಲುಗಳು ಸೇರುವ ಕ್ಷಣ ಅವರ ಬೆರಳಿಗೆ ಗೊತ್ತು, ನನ್ನದಕ್ಕೆ ಗೊತ್ತಿಲ್ಲ. ಇದರಲ್ಲಿ ಯಾವುದು ವಿದ್ಯೆ, ಯಾವುದು ಬರೀ ಕೆಲಸ?

ನಾನು ಹೇಳಬೇಕೆಂದಿರುವುದು ಇದು. ನಮ್ಮಂಥ ಓದಿದವರನ್ನು ಗಾಡಿ ಕೆಳಗೆ ಹೋಗದಂತೆ ತಡೆಯುವುದು ಸಾಮಾನು ಇಲ್ಲ ಎನ್ನುವುದಲ್ಲ. ಸಾಮಾನು ಕೇಳಿದರೆ ಯಾರಾದರೂ ಕೊಡುತ್ತಾರೆ. ಗೊತ್ತಿಲ್ಲ ಎನ್ನುವುದೂ ಅಲ್ಲ, ಕೇಳಿದರೆ ಹೇಳಿಕೊಡುತ್ತಾರೆ. ತಡೆಯುವುದು ನಾಚಿಕೆ. ಕೈ ಕೊಳೆಯಾಗುವ ಕೆಲಸವೆಂದರೆ ಓದು ತಲೆಗೆ ಹತ್ತದವರ ಪಾಲಿನದು ಎಂದು ಮನೆಯಲ್ಲಿ, ಶಾಲೆಯಲ್ಲಿ, ಮದುವೆ ಮಾತುಕತೆಯಲ್ಲಿ ಕೇಳಿ ಕೇಳಿ ಬೆಳೆದಿದ್ದೇವೆ. ‘ಓದದಿದ್ದರೆ ಗ್ಯಾರೇಜಿಗೆ ಸೇರಿಸ್ತೀನಿ’ ಎಂಬ ಬೆದರಿಕೆ ಕೇಳದ ಹುಡುಗರು ಎಷ್ಟು ಮಂದಿ? ಹಾಗೆ ಬೆದರಿಸಿದವರೇ ನಮ್ಮನ್ನು ಮೆಕ್ಯಾನಿಕಲ್ ಬ್ರಾಂಚಿಗೂ ಸೇರಿಸುತ್ತಾರೆ!

ಈ ನಾಚಿಕೆಗೆ ನಾವು ಕೊಡುತ್ತಿರುವ ಬೆಲೆ ಸಣ್ಣದಲ್ಲ. ಕೆಲಸ ಹುಡುಕುವ ಒಂದೆರಡು ವರ್ಷ ಮನೆಯಲ್ಲಿದ್ದು, ಮನೆಯ ಯಾವ ಕೆಲಸಕ್ಕೂ ಕೈ ಹಾಕದೆ, ‘ಪ್ರಿಪರೇಷನ್’ ಎಂಬ ಒಂದು ಪದದ ಹಿಂದೆ ಅಡಗಿಕೊಳ್ಳುತ್ತೇವೆ. ನಾನೂ ಅಡಗಿದ್ದೆ. ಸಂಜೆಯಾದರೆ ನಾನು ಯಾವುದಕ್ಕೂ ಪ್ರಯೋಜನವಿಲ್ಲ ಎನ್ನುವ ಭಾವನೆ ಬರುತ್ತಿತ್ತು. ಆ ಶನಿವಾರ ಕ್ಲಚ್ ಕೇಬಲ್‌ನ ಸಡಿಲ ಸರಿಮಾಡಿ, ಆಯಿಲ್ ತುಂಬಿ, ಅದೇ ಏರಿನಲ್ಲಿ ಗಾಡಿ ಹತ್ತಿಸಿದಾಗ ಆ ಭಾವನೆ ಸ್ವಲ್ಪ ದೂರ ಸರಿಯಿತು. ಭಾನುವಾರ ಅಪ್ಪ ಸಂತೆಗೆ ಹೋದರು. ಪರೀಕ್ಷೆಯಲ್ಲಿ ಪಾಸಾದಾಗಲೂ ನನಗೆ ಅಷ್ಟು ಸಮಾಧಾನ ಆಗಿರಲಿಲ್ಲ.

ಇದಕ್ಕೆ ಕೆಲವು ಆಕ್ಷೇಪಗಳು ಬರುತ್ತವೆಂದು ಗೊತ್ತು. ನನ್ನ ಗೆಳೆಯನೊಬ್ಬ, ‘ಇನ್ನು ಎಲೆಕ್ಟ್ರಿಕ್ ಗಾಡಿ ಕಾಲ, ಗೇರ್‌ಬಾಕ್ಸ್ ಇಳಿಸೋದು ಕಲಿತು ಏನು ಮಾಡ್ತೀಯ?’ ಎಂದ. ಅವನ ಮಾತಿನಲ್ಲಿ ಸತ್ಯವಿದೆ. ಎಲೆಕ್ಟ್ರಿಕ್ ಕಾರಿನಲ್ಲಿ ಕ್ಲಚ್ಚೂ ಇರುವುದಿಲ್ಲ, ಸಾಮಾನ್ಯವಾಗಿ ನಾಲ್ಕೈದು ಗೇರುಗಳೂ ಇರುವುದಿಲ್ಲ. ಆದರೆ ಈ ರಸ್ತೆಗಳಲ್ಲಿ ಓಡುತ್ತಿರುವ ಹಳೆಯ ಗಾಡಿಗಳು ನಾಳೆಯೇ ಮಾಯವಾಗುವುದಿಲ್ಲ. ಅಲ್ಲದೆ ನಾನು ಕಲಿತದ್ದು ಗೇರ್‌ಬಾಕ್ಸ್ ಒಂದನ್ನೇ ಅಲ್ಲ. ಬಿಚ್ಚಿದ್ದನ್ನು ಬರೆದಿಟ್ಟುಕೊಳ್ಳುವುದು, ಬಾರದಿದ್ದಾಗ ಬಲ ಹಾಕದೆ ಕಾರಣ ಹುಡುಕುವುದು, ಗೊತ್ತಿಲ್ಲ ಎಂದು ಫೋನ್ ಮಾಡುವುದು. ಇವು ಯಾವ ಯಂತ್ರಕ್ಕೂ ಬೇಕು.

ಮನೆಯಲ್ಲಿ ಎಲ್ಲರೂ ಎಲ್ಲ ಗಾಡಿಯನ್ನೂ ಬಿಚ್ಚಿ ಎಂದೂ ನಾನು ಹೇಳುತ್ತಿಲ್ಲ. ವಾರಂಟಿ ಇರುವ ಹೊಸ ಕಾರು, ಕಂಪ್ಯೂಟರ್ ಜೋಡಿಸಿ ಸರಿಹೊಂದಿಸಬೇಕಾದ ಆಟೊಮ್ಯಾಟಿಕ್ ಗೇರ್‌ಬಾಕ್ಸು, ಹೆಚ್ಚು ವೋಲ್ಟೇಜಿನ ಬ್ಯಾಟರಿಯ ಗಾಡಿ, ಇವುಗಳ ತಂಟೆಗೆ ಅಂಗಳದಲ್ಲಿ ಹೋಗಬಾರದು. ಒಬ್ಬರೇ ಮಾಡಬಾರದು, ಕೂಗಿದರೆ ಕೇಳುವ ದೂರದಲ್ಲಿ ಯಾರಾದರೂ ಇರಬೇಕು. ಇಳಿಸಿದ ಹಳೆ ಆಯಿಲನ್ನು ಚರಂಡಿಗೆ, ತೋಟಕ್ಕೆ ಸುರಿಯದೆ ಕ್ಯಾನಿನಲ್ಲಿ ತುಂಬಿಟ್ಟು ಗ್ಯಾರೇಜಿಗೆ ಕೊಡಬೇಕು. ಇಷ್ಟಾಗಿಯೂ ಸ್ಟ್ಯಾಂಡ್ ಸಿಗದಿದ್ದರೆ ಆ ದಿನದ ಮಟ್ಟಿಗೆ ಕೆಲಸ ಬಿಟ್ಟುಬಿಡಬೇಕು. ಧೈರ್ಯ ತೋರಿಸಬೇಕಾದದ್ದು ನಾಚಿಕೆಯ ಎದುರು, ಜ್ಯಾಕಿನ ಕೆಳಗಲ್ಲ.

‘ದುಡ್ಡು ಉಳಿಸೋಕೆ ತಾನೇ?’ ಎನ್ನುತ್ತಾರೆ ಕೆಲವರು. ನಮ್ಮ ಮನೆಯ ಮಟ್ಟಿಗೆ ಆಗಿದ್ದು ಬೇರೆ. ಮೊದಲು ಗ್ಯಾರೇಜಿನ ಬಿಲ್ ನೋಡಿದಾಗಲೆಲ್ಲ ಅಪ್ಪ ಸಾಮಾನಿನ ಹಣಕ್ಕೆ ತಕರಾರು ತೆಗೆಯುತ್ತಿರಲಿಲ್ಲ, ಲೇಬರ್ ಚಾರ್ಜಿಗೆ ಮಾತ್ರ ಚೌಕಾಸಿ ಮಾಡುತ್ತಿದ್ದರು. ಚಿಕ್ಕ ಪ್ಲೇಟ್ ಬದಲಿಸಲು ಇಷ್ಟಾ ಎಂದು ನಾನೂ ದನಿಗೂಡಿಸಿದ್ದೇನೆ. ಪ್ಲೇಟ್ ಚಿಕ್ಕದಿದ್ದರೂ ಅದರ ಹತ್ತಿರ ಹೋಗುವ ದಾರಿ ಎಷ್ಟು ದೊಡ್ಡದು ಎಂದು ಈಗ ನಮ್ಮಿಬ್ಬರ ಸೊಂಟಕ್ಕೂ ಗೊತ್ತು. ಆ ರಾತ್ರಿ ಅಪ್ಪ ಅಣ್ಣನ ಕೈಗೆ ಹಣ ಇಟ್ಟಾಗ ಅವರು, ‘ಹುಡುಗನೇ ಮಾಡಿದ್ದಲ್ವಾ, ನಂದೇನಿದೆ’ ಎಂದು ಅರ್ಧ ವಾಪಸು ಕೊಟ್ಟರು. ಅಪ್ಪ ತೆಗೆದುಕೊಳ್ಳಲಿಲ್ಲ. ಅಪ್ಪ ಲೇಬರ್ ಚಾರ್ಜ್ ವಾಪಸು ಬೇಡ ಎಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಮ್ಮ ಕಾಲೇಜುಗಳಿಗೆ ಒಂದು ಮನವಿ. ಬಣ್ಣ ಬಳಿದ ಕತ್ತರಿಸಿದ ಗೇರ್‌ಬಾಕ್ಸ್ ಮೇಜಿನ ಮೇಲೆ ಇರಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಒಂದು ಹಳೆಯ ಗಾಡಿಯನ್ನೂ ತಂದು ನಿಲ್ಲಿಸಿ. ನಾಲ್ಕು ನಾಲ್ಕು ವಿದ್ಯಾರ್ಥಿಗಳ ತಂಡ ಮಾಡಿ, ಗೇರ್‌ಬಾಕ್ಸ್ ಇಳಿಸಿ, ಮತ್ತೆ ಕೂರಿಸಿ, ಕ್ಯಾಂಪಸ್ಸಿನಲ್ಲಿ ಒಂದು ಸುತ್ತು ಓಡಿಸಿ ತೋರಿಸಿದರೆ ಅಂಕ ಕೊಡಿ. ಹೇಳಿಕೊಡಲು ಊರಿನ ಒಬ್ಬ ಅನುಭವಿ ಮೆಕ್ಯಾನಿಕ್ಕನ್ನು ಕರೆಸಿ, ಅತಿಥಿ ಉಪನ್ಯಾಸಕರಿಗೆ ಕೊಡುವ ಗೌರವಧನವನ್ನೇ ಕೊಡಿ. ಐ.ಟಿ.ಐ.ಗಳಲ್ಲಿ ಕೈಕೆಲಸ ಕಲಿಯುವವರು ಒಂದು ಜಾತಿ, ಇಂಜಿನಿಯರಿಂಗ್ ಓದುವವರು ಇನ್ನೊಂದು ಜಾತಿ ಎಂಬಂತೆ ನಡುವೆ ಕಟ್ಟಿರುವ ಗೋಡೆ ಅಷ್ಟರಮಟ್ಟಿಗಾದರೂ ತಗ್ಗಲಿ. ವರ್ಷಕ್ಕೊಮ್ಮೆ ಜುಲೈ 15ರಂದು ವಿಶ್ವ ಯುವ ಕೌಶಲ ದಿನ ಎಂದು ಭಾಷಣ ಕೇಳುವ ಬದಲು ಆ ದಿನ ಸ್ಪ್ಯಾನರ್ ಹಿಡಿಯುವುದು ಮೇಲು.

ನನಗೆ ಕೆಲಸ ಸಿಕ್ಕಿತೇ ಎಂದು ಕೇಳುತ್ತೀರಿ. ಇನ್ನೂ ಇಲ್ಲ. ಹೋದ ತಿಂಗಳು ಒಂದು ಸಂದರ್ಶನದಲ್ಲಿ, ಕ್ಲಚ್ ಜಾರುವುದಕ್ಕೂ ಕ್ಲಚ್ ಸರಿಯಾಗಿ ಬಿಡದಿರುವುದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರು. ಜಾರಿದರೆ ಇಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಬಿಡದಿದ್ದರೆ ಪೆಡಲ್ ತುಳಿದರೂ ಗೇರ್ ಬೀಳುವುದಿಲ್ಲ, ಕರಕರ ಎನ್ನುತ್ತದೆ. ಕಂಠಪಾಠ ಮಾಡಿದ ಉತ್ತರ ಅದಾಗಿರಲಿಲ್ಲ. ಹೇಳುವಾಗ ನನ್ನ ಕಾಲು ಮೇಜಿನ ಕೆಳಗೆ ಇಲ್ಲದ ಪೆಡಲನ್ನು ತುಳಿಯುತ್ತಿತ್ತು. ಫಲಿತಾಂಶ ಬರಬೇಕಷ್ಟೆ. ಅಲ್ಲಿಯವರೆಗೆ ವಾರಕ್ಕೆ ಮೂರು ದಿನ ಅಣ್ಣನ ಗ್ಯಾರೇಜಿಗೆ ಹೋಗುತ್ತಿದ್ದೇನೆ.

ಮೊನ್ನೆ ಪಕ್ಕದ ಮನೆಯ ಮಾವ ಅಲ್ಲಿಗೇ ಬಂದರು. ನಾನು ಒಂದು ಕಾರಿನ ಕೆಳಗಿದ್ದೆ. ಮತ್ತೆ ಅದೇ ಚಪ್ಪಲಿ ಕಂಡಿತು. ಈ ಸಲ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ, ‘ಏನು ಮಾವ?’ ಎಂದೆ. ಅವರ ಕಾರಿನ ಕ್ಲಚ್ ಗಟ್ಟಿಯಾಗಿದೆಯಂತೆ. ‘ನೀನೇ ಮನೆ ಹತ್ರ ಬಂದು ಮಾಡಿಕೊಡು ಮಾರಾಯ, ಗ್ಯಾರೇಜಿನೋರು ಲೇಬರ್ ಜಾಸ್ತಿ ಕೇಳ್ತಾರೆ’ ಎಂದರು.

ನಾನು ಅಣ್ಣನ ಕಡೆ ಕೈ ತೋರಿಸಿ ಹೇಳಿದೆ, ‘ಅವರ ಹತ್ರ ಮಾಡಿಸಿ ಮಾವ. ಅವರು ಕೇಳಿದ್ದು ಕೊಡಿ, ಜಾಸ್ತಿಯಲ್ಲ.’